ನನ್ನ ಅನುಭವ: ಎಲೆಕ್ಟ್ರಿಕ್ ಬೈಕ್ ಯಾರ ಮಾತು ಕೇಳುತ್ತದೆ?

ಯಂತ್ರಗಳೊಳಗಿನ ಸಾಫ್ಟ್‌ವೇರ್ ಎಷ್ಟು ಭದ್ರ ಎಂದು ಪರೀಕ್ಷಿಸುವುದು ನನ್ನ ಕೆಲಸ. ಎಲೆಕ್ಟ್ರಿಕ್ ಬೈಕ್ ಕೊಂಡಮೇಲೆ ಅದನ್ನೂ ಬಿಡಲಿಲ್ಲ. ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಸ್ಟ್ಯಾಂಡ್ ಮೇಲೆ ಏರಿಸಿಟ್ಟೇ ಶುರುಮಾಡಿದೆ. ಇಂಥ ಪರೀಕ್ಷೆ ಮಾಡುವವರು ಇದನ್ನು ಮರೆಯಲೇಬೇಡಿ, ಮೋಟರ್ ಸದ್ದಿಲ್ಲದೆ ಒಮ್ಮೆಲೇ ಪೂರ್ತಿ ಬಲ ಹಾಕುತ್ತದೆ.

ಆ್ಯಪ್‌ನಲ್ಲಿ ಲಾಕ್ ತೆಗೆಯುವ ಬಟನ್ ಹತ್ತು ಸಲ ಒತ್ತಿ, ಬ್ಲೂಟೂತ್‌ನಲ್ಲಿ ಹೋದ ಸಂದೇಶಗಳನ್ನು ಸ್ನಿಫರ್‌ನಿಂದ (ಗಾಳಿಯಲ್ಲಿ ಹೋಗುವ ಸಂಕೇತ ಕದ್ದಾಲಿಸುವ ಸಾಧನ) ಹಿಡಿದೆ. ಹತ್ತೂ ಸಲ ಅವೇ ಬೈಟ್‌ಗಳು! ಪ್ರತಿ ಸಲ ಬದಲಾಗುವ ಒಂದು ಸಂಖ್ಯೆಯಾದರೂ ಅದರಲ್ಲಿ ಇರಬೇಕಿತ್ತು. ಬೈಕಿಗೆ ಪರಿಚಯವೇ ಇಲ್ಲದ ಇನ್ನೊಂದು ಫೋನ್‌ನಿಂದ ಅದನ್ನೇ ಕಳಿಸಿದೆ. ಡಿಸ್‌ಪ್ಲೇ ಬೆಳಗಿತು, ಲಾಕ್ ತೆರೆದಿತ್ತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಕಳ್ಳತನದ ಭಯವಲ್ಲ, ಫರ್ಮ್‌ವೇರ್ (ಯಂತ್ರದೊಳಗೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್. ಮೋಟರನ್ನು ನಡೆಸುವ ಕಂಟ್ರೋಲರ್‌ನ ಹೊಸ ಫೈಲ್ ಕೂಡ ಅದೇ ಬ್ಲೂಟೂತ್ ದಾರಿಯಲ್ಲಿ ಬರುತ್ತಿತ್ತು. ಅದಕ್ಕಿದ್ದ ಕಾವಲು ಕೊನೆಯ ನಾಲ್ಕು ಬೈಟ್‌ಗಳ ಸಿಆರ್‌ಸಿ ಎಂಬ ತಾಳೆ ಸಂಖ್ಯೆ ಮಾತ್ರ. ಫೈಲ್ ದಾರಿಯಲ್ಲಿ ಕೆಟ್ಟಿದೆಯೇ ಎಂದು ಸಿಆರ್‌ಸಿ ಹೇಳೀತು, ಯಾರು ಬರೆದದ್ದು ಎಂದು ಹೇಳದು. ಆವೃತ್ತಿ ಸಂಖ್ಯೆಯ ಒಂದು ಅಂಕಿ ಬದಲಿಸಿ, ಸಿಆರ್‌ಸಿ ಹೊಸದಾಗಿ ಲೆಕ್ಕ ಹಾಕಿ ಕಳಿಸಿದೆ. ಬೈಕ್ ತಕರಾರಿಲ್ಲದೆ ಒಪ್ಪಿಕೊಂಡು ನನ್ನ ಅಂಕಿಯನ್ನೇ ತೋರಿಸಿತು. ಬದಲಿಸಿದ್ದು ಥ್ರಾಟಲ್‌ನ ಲೆಕ್ಕವಾಗಿದ್ದರೆ? ವೇಗದಲ್ಲಿರುವಾಗ ರೀಜನ್ ಬ್ರೇಕ್ (ಮೋಟರೇ ಚಕ್ರವನ್ನು ತಡೆಯುವ ಬ್ರೇಕ್) ಒಮ್ಮೆಲೇ ಬಿಗಿಯಾಗಿ ಹಿಡಿದರೆ ಕಾರಿನಲ್ಲಿ ಕೂತವರು ಮುಗ್ಗರಿಸಿಯಾರು, ಎರಡು ಚಕ್ರದ ಮೇಲಿದ್ದವರು ರಸ್ತೆಗೇ ಬೀಳುತ್ತಾರೆ.

ಬೈಕಿನೊಳಗಿನ ಭಾಗಗಳು ಪರಸ್ಪರ ಸಂದೇಶ ಕಳಿಸಿಕೊಳ್ಳುವ ಜಾಲವಾದ ಕ್ಯಾನ್ ಬಸ್‌ನ ಕಥೆ ಹಳೆಯದು. 1986ರಲ್ಲಿ ಬಾಷ್ ಕಂಪನಿ ಪರಿಚಯಿಸಿದ ಆ ವ್ಯವಸ್ಥೆಯ ಒಂದು ಸಂದೇಶದಲ್ಲಿ ಹೆಚ್ಚೆಂದರೆ 8 ಬೈಟ್ ಮಾಹಿತಿ, ಕಳಿಸಿದವರು ಯಾರೆಂದು ಖಚಿತಪಡಿಸುವ ಏರ್ಪಾಡಿಲ್ಲ. ಭದ್ರತಾ ಸಂಶೋಧಕರಾದ ಚಾರ್ಲಿ ಮಿಲ್ಲರ್, ಕ್ರಿಸ್ ವ್ಯಾಲಸೆಕ್ 2015ರಲ್ಲಿ ದೂರದಿಂದಲೇ ಒಂದು ಜೀಪನ್ನು ಹತೋಟಿಗೆ ತಂದದ್ದೂ ಹೀಗೆಯೇ: ಮನರಂಜನೆಯ ವ್ಯವಸ್ಥೆಯೊಳಗೆ ನುಗ್ಗಿ, ಅಲ್ಲಿಂದ ಕ್ಯಾನ್ ಬಸ್‌ಗೆ. ಆಮೇಲೆ ಸುಮಾರು 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಬೇಕಾಯಿತು.

ತಯಾರಕರಿಗೆ ಎಲ್ಲವನ್ನೂ ವಿವರವಾಗಿ ಬರೆದೆ. ಯಾರಿಗೂ ಹೇಳದೆ ಕಾದೆ. ಮೊದಲು ಬಂದ ಉತ್ತರ, 'ಆ್ಯಪ್ ಮರುಸ್ಥಾಪಿಸಿ'. ಬೇಸರವಾಯಿತು, ಆದರೂ ಬಿಡದೆ ವಿಡಿಯೊ ಕಳಿಸಿದೆ. ಅದು ಎಂಜಿನಿಯರುಗಳ ಕೈಗೆ ತಲುಪಿದಮೇಲೆ ಕೆಲಸ ನಡೆಯಿತು. ಹೊಸ ಅಪ್‌ಡೇಟ್ ಬಂದ ದಿನವೇ ಬೈಕನ್ನು ಮತ್ತೆ ಸ್ಟ್ಯಾಂಡ್ ಮೇಲೆ ಏರಿಸಿದೆ. ಹಳೆಯ ಸಂದೇಶ ಕಳಿಸಿದರೆ ಬೈಕ್ ಅಲುಗಲಿಲ್ಲ. ತಯಾರಕರೇ ಬರೆದದ್ದೆಂದು ಖಚಿತಪಡಿಸುವ ಡಿಜಿಟಲ್ ಸಹಿ ಇಲ್ಲದ ಫೈಲ್ ಕೊಟ್ಟರೆ ಹಳೆಯ ಫರ್ಮ್‌ವೇರ್‌ನಲ್ಲೇ ಉಳಿಯಿತು. ಬ್ಲೂಟೂತ್ ಚಿಪ್‌ಗೂ ಕಂಟ್ರೋಲರ್‌ಗೂ ನಡುವೆ ತಡೆ ಮಾತ್ರ ಈಗಲೂ ಇಲ್ಲ. ಅದಕ್ಕೆ ನಡುವೆ ನಿಂತು ಸಂದೇಶಗಳನ್ನು ಸೋಸುವ ಬೇರೆಯೇ ಗೇಟ್‌ವೇ ಬೋರ್ಡ್ ಬೇಕು. ಆ ಬಗ್ಗೆ ಎರಡನೆಯ ವರದಿ ಬರೆಯುತ್ತಿದ್ದೇನೆ.