ಬಿಲ್ಲಿನ ಆರನೆಯ ಅಕ್ಷರ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ನಾನು, ಭತ್ತದ ಲಾರಿಯ ತೂಕದ ಚೀಟಿಯಲ್ಲಿ ಒಂದು ಅಂಕಿ ತಿದ್ದಿದ್ದರೂ ಹಿಡಿಯುವವನೆಂದು ಹೆಸರಾದವನು. ಆದರೆ ಹೆಂಡತಿ ತೀರಿಕೊಂಡ ಮೂರನೆಯ ವರ್ಷ ಅಕ್ಕನ ಒತ್ತಾಯಕ್ಕೆ ವಧು-ವರರ ಜಾಲತಾಣದಲ್ಲಿ ಹೆಸರು ನೋಂದಾಯಿಸಿ, ಮ್ಯಾಂಚೆಸ್ಟರಿನಲ್ಲಿ ನರ್ಸ್ ಎಂದು ಹೇಳಿಕೊಂಡ ಮಹಿಳೆಯೊಬ್ಬರ ಪರಿಚಯವಾದಾಗ, ಕಣ್ಣಿಗೆ ಬಿದ್ದದ್ದನ್ನೂ ಎರಡು ತಿಂಗಳು ನೋಡದವನಂತಿದ್ದೆ.

ನಮ್ಮ ಬೆಳಿಗ್ಗೆ ಏಳೂವರೆಗೆ ಆಕೆ "ಡ್ಯೂಟಿಗೆ ಹೊರಟಿದ್ದೇನೆ, ಬಿಸಿಲು ಚೆನ್ನಾಗಿದೆ" ಎಂದು ಬರೆಯುತ್ತಿದ್ದರು. ಬ್ರಿಟನ್ನಿನ ಗಡಿಯಾರ ನಮಗಿಂತ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದಿರುವುದರಿಂದ ಅಲ್ಲಿ ಆಗ ಬಿಸಿಲಿರಲು ಸಾಧ್ಯವೇ ಇಲ್ಲ. ವಿಡಿಯೊ ಕರೆಗೆ ಪ್ರತಿ ಸಲವೂ ಒಂದೊಂದು ನೆಪ. ಇಷ್ಟಾದರೂ ರಾತ್ರಿ ಒಂಬತ್ತಕ್ಕೆ "ಊಟವಾಯಿತೇ?" ಎಂದು ಕೇಳುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ನಾನು ಗಡಿಯಾರ ನೋಡುವುದನ್ನೇ ಬಿಟ್ಟಿದ್ದೆ.

ಉಡುಗೊರೆಯ ಪಾರ್ಸಲ್ ದೆಹಲಿಗೆ ಬಂದಿದೆಯೆಂದು ಕೊರಿಯರ್ ಬಿಲ್ಲೊಂದು ವಾಟ್ಸಾಪ್‌ನಲ್ಲಿ ಬಂತು. 18,500 ರೂಪಾಯಿ ಕಳುಹಿಸಿದೆ. ಹನ್ನೊಂದು ದಿನಗಳ ನಂತರ, ಪೆಟ್ಟಿಗೆಯಲ್ಲಿ ಪೌಂಡುಗಳಿವೆ, ಕಸ್ಟಮ್ಸ್ ದಂಡ 92,000 ಕಟ್ಟದಿದ್ದರೆ ಬಂಧನ ಎಂದು ಕರೆಯೂ ಒಂದು ಪತ್ರವೂ ಬಂದವು. ಹಣ ಹಾಕಲು ಯುಪಿಐ ತೆರೆದರೆ ಪರದೆಯ ಮೇಲೆ ಇಲಾಖೆಯ ಹೆಸರಿನ ಬದಲು ಯಾರೋ ವ್ಯಕ್ತಿಯ ಹೆಸರಿತ್ತು. ಆಗ ಹಳೆಯ ಬಿಲ್ಲನ್ನು ತೆರೆದು, ಗಿರಣಿಗೆ ಬಂದ ಬಿಲ್ಲನ್ನು ನೋಡುವಂತೆ ಮೊದಲ ಬಾರಿಗೆ ನೋಡಿದೆ. ವಿಳಾಸ ದೆಹಲಿಯದು, ಜಿಎಸ್‌ಟಿ ಸಂಖ್ಯೆ ಆರಂಭವಾಗುವುದು ಮಾತ್ರ 27ರಿಂದ. ಅದು ಮಹಾರಾಷ್ಟ್ರದ ಸಂಕೇತ, ದೆಹಲಿಯದು 07. ಆ ಸಂಖ್ಯೆಯ ಮೂರರಿಂದ ಹನ್ನೆರಡನೆಯ ಸ್ಥಾನದವರೆಗೆ ಇರುವುದು ಪ್ಯಾನ್ ಆದ್ದರಿಂದ, ಆರನೆಯ ಅಕ್ಷರ, ಎಂದರೆ ಪ್ಯಾನ್‌ನ ನಾಲ್ಕನೆಯದು, ಮಾಲೀಕರು ಯಾರೆಂಬುದನ್ನು ಹೇಳುತ್ತದೆ: ಕಂಪನಿಯಾದರೆ 'ಸಿ', ಒಬ್ಬ ವ್ಯಕ್ತಿಯಾದರೆ 'ಪಿ'. ಪ್ರೈವೇಟ್ ಲಿಮಿಟೆಡ್ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡಿದ್ದ ಆ ಬಿಲ್ಲಿನಲ್ಲಿ ಇದ್ದದ್ದು 'ಪಿ'. ದಂಡದ ಪತ್ರದಲ್ಲಿ, 2019ರಲ್ಲಿ ಕಸ್ಟಮ್ಸ್ ಪತ್ರಗಳಿಗೆ ಕಡ್ಡಾಯವಾದ ಡಿನ್, ಎಂದರೆ ದಾಖಲೆಯ ಗುರುತಿನ ಸಂಖ್ಯೆಯೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಇಷ್ಟು ಕಂಡ ಮೇಲೂ ಅರ್ಧ ಗಂಟೆ ಆಕೆಯ ಪರವಾಗಿ ನಾನೇ ವಾದಿಸುತ್ತ ಕುಳಿತಿದ್ದೆ.

ಆಮೇಲೆ ಅಕ್ಕನ ಮಗನನ್ನು ಕರೆಸಿದೆ. ಆಕೆಯ ಭಾವಚಿತ್ರವನ್ನು ಅವನು ಗೂಗಲ್ ಲೆನ್ಸಿಗೆ ಹಾಕಿದಾಗ ಅದೇ ಮುಖ ಬೇರೆ ದೇಶದ, ಬೇರೆ ಹೆಸರಿನ ಖಾತೆಯಲ್ಲಿ ಸಿಕ್ಕಿತು. ಸಂದೇಶಗಳನ್ನು ಅಳಿಸಬೇಡಿ ಮಾವ ಎಂದು ಅವನು ತಡೆಯದಿದ್ದರೆ ನಾಚಿಕೆಗೆ ಎಲ್ಲವನ್ನೂ ಅಳಿಸಿಬಿಡುತ್ತಿದ್ದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಹೋದ ದಿನಾಂಕ ಮತ್ತು ವ್ಯವಹಾರದ ಹನ್ನೆರಡು ಅಂಕಿಗಳ ಸಂಖ್ಯೆಯನ್ನು ಓದಿ ಹೇಳಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಿದೆ. ಹಣ ಹೋದ ತಕ್ಷಣ ಕರೆ ಮಾಡಿದ್ದರೆ ಅದು ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಅವಕಾಶವಿರುತ್ತಿತ್ತು. ನಾನು ಹನ್ನೊಂದು ದಿನ ತಡವಾಗಿದ್ದೆ. ಇನ್ನೂ ಕಟ್ಟದಿದ್ದ 92,000 ಮಾತ್ರ ಉಳಿಯಿತು.

ಅಂದು ರಾತ್ರಿ ಒಂಬತ್ತಕ್ಕೆ ಮತ್ತೆ "ಊಟವಾಯಿತೇ?" ಎಂದು ಬಂತು. ಅದರ ಸ್ಕ್ರೀನ್‌ಶಾಟ್ ತೆಗೆದು ದೂರಿನ ಕಡತಕ್ಕೆ ಸೇರಿಸಿ, ಸಂಖ್ಯೆಯನ್ನು ಬ್ಲಾಕ್ ಮಾಡಿದೆ. ಅಕ್ಕನಿಗೆ ಆ 18,500ರ ವಿಷಯ ತಿಳಿಸಲು ನನಗೆ ಮತ್ತೊಂದು ವಾರ ಬೇಕಾಯಿತು.