ಚಿನ್ನ ಹುಡುಕಲು ಹೊರಟಿರಾ? ಮೊದಲು ಮಳೆ, ನೀರಿನ ಲೆಕ್ಕ ಹಾಕಿ

ಪಶ್ಚಿಮ ಆಸ್ಟ್ರೇಲಿಯಾದ ಕಲ್ಗೂರ್ಲಿಯಲ್ಲಿ ನಲ್ಲಿ ತಿರುಗಿಸಿದರೆ ಬರುವ ನೀರು ಆ ಊರಿನದಲ್ಲ. ಪರ್ತ್ ಪಕ್ಕದ ಮುಂಡಾರಿಂಗ್ ಅಣೆಕಟ್ಟಿನಿಂದ 500 ಕಿ.ಮೀ.ಗೂ ಉದ್ದದ ಪೈಪಿನಲ್ಲಿ ಬರುತ್ತದೆ. ಪ್ಯಾಡಿ ಹ್ಯಾನನ್ ಮತ್ತು ಅವನ ಇಬ್ಬರು ಜೊತೆಗಾರರಿಗೆ ಅಲ್ಲಿ ಚಿನ್ನ ಸಿಕ್ಕಿದ್ದು 1893ರಲ್ಲಿ. ಪೈಪಿನ ನೀರು ಬಂದಿದ್ದು 1903ರಲ್ಲಿ. ನಡುವಿನ ಹತ್ತು ವರ್ಷ ಜನ ಉಪ್ಪುನೀರು ಕುದಿಸಿ, ಆವಿ ತಣಿಸಿ ಮಾಡಿದ ನೀರನ್ನು ದುಡ್ಡು ಕೊಟ್ಟು ಕುಡಿದರು.

ಊರು ದಾಟಿ ಮಣ್ಣಿನ ದಾರಿಗೆ ಇಳಿದರೆ ಇವತ್ತಿಗೂ ಪರಿಸ್ಥಿತಿ ಅಷ್ಟೇನೂ ಬದಲಾಗಿಲ್ಲ. ನೀವು ಹೊತ್ತುಕೊಂಡು ಹೋದದ್ದಷ್ಟೇ ನೀರು.

ನಮ್ಮ ಕೋಲಾರದಲ್ಲಿ ಚಿನ್ನಕ್ಕಾಗಿ ಮೂರು ಕಿ.ಮೀ.ಗೂ ಆಳಕ್ಕೆ ಇಳಿದಿದ್ದರು. ಕಲ್ಗೂರ್ಲಿ ಕಡೆ ಮೇಲ್ಮಣ್ಣಿನಲ್ಲೇ ಚಿನ್ನದ ಸಣ್ಣ ಸಣ್ಣ ಗಟ್ಟಿಗಳು ಸಿಗುತ್ತವೆ. ಅದಕ್ಕೇ ನೆಲದೊಳಗಿನ ಲೋಹ ಪತ್ತೆಹಚ್ಚುವ ಡಿಟೆಕ್ಟರ್ ಹಿಡಿದು ಹೊರಡುವ ಹವ್ಯಾಸಿಗಳು ಇಷ್ಟು ಜನ. ಪರ್ತ್‌ನ ನನ್ನ ಕನ್ನಡದ ಗೆಳೆಯರೂ ಈಗೀಗ ಕೇಳುತ್ತಾರೆ, "ಯಾವ ಡಿಟೆಕ್ಟರ್ ಕೊಳ್ಳಲಿ?" ನಾನು ಮೊದಲು ಕೇಳುವುದು, ನೀರಿನ ಕ್ಯಾನ್ ಎಷ್ಟಿವೆ ಅಂತ.

ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎಷ್ಟು ದಿನ ಇರುತ್ತೀರಿ ಅಂತ ನೋಡಿ ಸಾಮಾನು ಕಟ್ಟಿದರೆ ಸಾಲದು. ವಾಪಸ್ ಬರಲು ಆಗದೇ ಹೋದರೆ ಎಷ್ಟು ದಿನ ಕೂರಬೇಕಾದೀತು ಅಂತ ನೋಡಿ ಕಟ್ಟಬೇಕು.

1. ತಿಂಗಳು ಆರಿಸಿ

ಕಲ್ಗೂರ್ಲಿ, ಮೆಂಜೀಸ್, ಲಿಯೊನೋರಾ, ಲೇವರ್ಟನ್ ಸುತ್ತಿನ ಚಿನ್ನದ ಸೀಮೆಗೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಡಿಸೆಂಬರ್, ಜನವರಿಯಲ್ಲಿ ಬೇಡವೇ ಬೇಡ. 40 ಡಿಗ್ರಿ ದಾಟುವುದು ಅಲ್ಲಿ ಸಾಮಾನ್ಯ. ಇನ್ನೂ ಉತ್ತರಕ್ಕೆ, ಪಿಲ್ಬರಾದ ಮಾರ್ಬಲ್ ಬಾರ್‌ನಲ್ಲಿ 1923–24ರ ಬೇಸಿಗೆಯಲ್ಲಿ ಸತತ 160 ದಿನ 37.8 ಡಿಗ್ರಿಗೆ ಕಡಿಮೆಯಾಗದ ಬಿಸಿಲು ಬಿದ್ದಿತ್ತು. ಅದೂ ಚಿನ್ನದ ಊರೇ.

ಚಳಿಗಾಲ ಅಂತ ಹಗುರವಾಗಿ ಹೋಗಬೇಡಿ. ಜುಲೈ ರಾತ್ರಿ ಸರಾಸರಿ 5 ಡಿಗ್ರಿ. ಕೆಲವು ಬೆಳಗ್ಗೆ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ದಪ್ಪ ಮಲಗುವ ಚೀಲ, ಉಣ್ಣೆ ಟೋಪಿ, ನೆಲದ ಚಳಿ ತಡೆಯುವ ಹಾಸು ಬೇಕು. ಜೂನ್‌ನಲ್ಲಿ ಸಂಜೆ 5ಕ್ಕೇ ಸೂರ್ಯ ಮುಳುಗುತ್ತಾನೆ. ನಾಲ್ಕು ಗಂಟೆಗೆ ಡೇರೆಯ ಕಡೆ ತಿರುಗಿ. ಈ ಸೀಮೆಯ ತುಂಬ ನೂರು ವರ್ಷ ಹಿಂದಿನ, ಬೇಲಿಯಿಲ್ಲದ ಗಣಿ ಗುಂಡಿಗಳಿವೆ. ಕತ್ತಲಲ್ಲಿ ಅವು ಕಾಣುವುದಿಲ್ಲ.

2. ಬಿಸಿಲಿಗಿಂತ ಮಳೆಗೆ ಹೆಚ್ಚು ಹೆದರಿ

ಹೊಸಬರು ಎಲ್ಲರೂ ತಪ್ಪುವುದು ಇಲ್ಲೇ. ಕಲ್ಗೂರ್ಲಿಯಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 265 ಮಿ.ಮೀ. ಮಳೆ. ಇಷ್ಟು ಕಡಿಮೆ ಮಳೆಗೆ ಯಾಕೆ ಹೆದರಬೇಕು ಅನ್ನಿಸುತ್ತದೆ, ಅಲ್ವಾ? ಗದಗ, ವಿಜಯಪುರದ ಎರೆಹೊಲದಲ್ಲಿ ಮಳೆ ಬಂದ ಮರುದಿನ ಗಾಡಿ ಹೂಡಿದವರನ್ನು ಕೇಳಿ ನೋಡಿ. ಇಲ್ಲಿಯ ಮಣ್ಣು ಕೆಂಪು, ಆದರೆ ಜಿಗುಟು ಅದೇ. 20 ಮಿ.ಮೀ. ಬಿದ್ದರೆ ಸಾಕು, ಫೋರ್ ವೀಲ್ ಡ್ರೈವ್ ಗಾಡಿಯೂ ಅಚ್ಚಿನ ತನಕ ಹೂತುಹೋಗುತ್ತದೆ. ನೆಲ ಚಪ್ಪಟೆ, ನೀರು ಹರಿದು ಹೋಗಲು ಜಾಗವೇ ಇಲ್ಲ.

ಮಳೆ ಬರುವುದು ಎರಡು ಕಡೆಯಿಂದ. ಚಳಿಗಾಲದಲ್ಲಿ ನೈರುತ್ಯದಿಂದ ತಣ್ಣನೆಯ ಮೋಡದ ಸಾಲು ಬರುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ವಾಯವ್ಯ ಕರಾವಳಿಗೆ ಅಪ್ಪಳಿಸಿದ ಚಂಡಮಾರುತ ದುರ್ಬಲವಾಗಿ ಒಳನಾಡಿಗೆ ನುಗ್ಗುತ್ತದೆ. ಬೇಸಿಗೆ ಮುಗಿಯಿತು ಅಂತ ಮಾರ್ಚ್‌ನಲ್ಲೇ ಹೊರಡುವವರು ಈ ಎರಡನೆಯದನ್ನು ಮರೆಯುತ್ತಾರೆ. 2024ರ ಮಾರ್ಚ್‌ನಲ್ಲಿ ಸುರಿದ ಮಳೆಗೆ ಪೂರ್ವದ ನಲ್ಲಾರ್ಬರ್ ಬಯಲಿನ ಕಡೆಯ ಹೆದ್ದಾರಿಯೂ ರೈಲು ದಾರಿಯೂ ಮುಚ್ಚಿದ್ದವು.

ಹೀಗೆ ಮಾಡಿ. ಹೊರಡುವ ವಾರದ ಮುಂಚಿನಿಂದಲೇ ಹವಾಮಾನ ಇಲಾಖೆಯ ಏಳು ದಿನದ ಮುನ್ಸೂಚನೆಯನ್ನು ದಿನಾ ನೋಡಿ. ಮಳೆ ಬರುತ್ತದೋ ಇಲ್ಲವೋ ಅಂತ ಮಾತ್ರ ನೋಡದೆ ಎಷ್ಟು ಮಿ.ಮೀ. ಅಂತ ನೋಡಿ. ನನ್ನ ಲೆಕ್ಕ ಸರಳ: 10 ಮಿ.ಮೀ. ದಾಟುವ ಸೂಚನೆ ಇದ್ದರೆ ಪ್ರವಾಸವನ್ನೇ ಮುಂದೂಡುತ್ತೇನೆ. 5ರ ಆಸುಪಾಸು ಇದ್ದರೆ ಡಾಂಬರು ರಸ್ತೆಗೆ ಹತ್ತಿರದ ಗಟ್ಟಿ ನೆಲದಲ್ಲೇ ಡೇರೆ ಹಾಕುತ್ತೇನೆ. ಮಳೆ ಆದ ಮೇಲೆ ಸ್ಥಳೀಯ ಆಡಳಿತ ಮಣ್ಣಿನ ರಸ್ತೆಗಳನ್ನು ಮುಚ್ಚುತ್ತದೆ. ಮುಚ್ಚಿದ ರಸ್ತೆಗೆ ಗಾಡಿ ಇಳಿಸಿದರೆ ದಂಡ. ರಸ್ತೆಯೂ ಹಾಳಾಗಿ ಅಲ್ಲಿಯ ಜನಕ್ಕೆ ತಿಂಗಳುಗಟ್ಟಲೆ ತೊಂದರೆ.

ಡೇರೆಗೆ ಜಾಗ ನೋಡುವಾಗ ಒಣಗಿದ ಹಳ್ಳ, ಜೇಡಿಮಣ್ಣಿನ ಬಯಲು, ಉಪ್ಪುಕೆರೆಯ ಅಂಚು, ಮೂರನ್ನೂ ಬಿಡಿ. ಸ್ವಲ್ಪ ಎತ್ತರದ, ಜಲ್ಲಿಕಲ್ಲಿನ ನೆಲ ಹುಡುಕಿ. ದೊಡ್ಡ ನೀಲಗಿರಿ ಮರದ ಕೆಳಗೆ ಮಲಗಬೇಡಿ, ಕೊಂಬೆ ಹೇಳದೆ ಕೇಳದೆ ಬೀಳುತ್ತದೆ. ಇನ್ನೊಂದು ವಿಷಯ: ದೂರದಲ್ಲೆಲ್ಲೋ ಗುಡುಗು ಮಿಂಚು ಶುರುವಾದರೆ ಡಿಟೆಕ್ಟರ್ ಸುಮ್ನೆ ಕಿರುಗುಟ್ಟಲು ಶುರುಮಾಡುತ್ತದೆ. ನೆಲದಲ್ಲಿ ಏನೂ ಇಲ್ಲದೆ ಸದ್ದು ಜಾಸ್ತಿಯಾದರೆ ಒಮ್ಮೆ ತಲೆಯೆತ್ತಿ ಆಕಾಶ ನೋಡಿ.

3. ನೀರು

ಒಬ್ಬರಿಗೆ ದಿನಕ್ಕೆ 10 ಲೀಟರ್. ಕುಡಿಯಲು, ಅಡುಗೆಗೆ, ಕೈಕಾಲು ಮುಖಕ್ಕೆ ಎಲ್ಲ ಸೇರಿ. ಸ್ನಾನ ಇದರಲ್ಲಿಲ್ಲ.

ಇಬ್ಬರು, ಆರು ದಿನ ಅಂದರೆ 120 ಲೀಟರ್. ಅದಕ್ಕೆ ಸಿಕ್ಕಿಹಾಕಿಕೊಳ್ಳುವ ಮೂರು ದಿನ ಸೇರಿಸಿ, 180 ಲೀಟರ್. ಅಂದರೆ 180 ಕೆ.ಜಿ. ಈ ಭಾರವನ್ನು ಗಾಡಿಯ ಮೇಲೆ ಕಟ್ಟಬಾರದು. ತಿರುವಿನಲ್ಲಿ ಗಾಡಿ ಮಗುಚೀತು. ಹಿಂದಿನ ಅಚ್ಚಿನ ಮುಂದೆ, ಆದಷ್ಟು ಕೆಳಗೆ ಇಡಿ. ಗಾಡಿ ಹೊರಬಹುದಾದ ಒಟ್ಟು ತೂಕವನ್ನೂ ನೋಡಿಕೊಳ್ಳಿ.

ಒಂದೇ ದೊಡ್ಡ ಟ್ಯಾಂಕಿನಲ್ಲಿ ತುಂಬಬೇಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಆಗಸ್ಟ್‌ನಲ್ಲಿ ನಾನೂ ನನ್ನ ಭಾವನೂ ಮೆಂಜೀಸ್‌ನ ಉತ್ತರಕ್ಕೆ ನಾಲ್ಕು ರಾತ್ರಿಗೆ ಅಂತ ಹೋದೆವು. ಎರಡನೇ ದಿನ ಮಳೆ ಹಿಡಿಯಿತು, ಏಳು ರಾತ್ರಿ ಆಯಿತು. ಮಳೆ ನಿಂತ ಬೆಳಗ್ಗೆ ನೀರು ಎಣಿಸಲು ಹೋದರೆ ಒಂದು ಕ್ಯಾನ್ ಖಾಲಿ. ದಾರಿಯ ಕುಲುಕಾಟಕ್ಕೆ ಒಂದು ಬೋಲ್ಟ್ ತಾಗಿ ತಾಗಿ ತಳ ತೂತಾಗಿತ್ತು. ನೀರನ್ನೆಲ್ಲ 20 ಲೀಟರಿನ ಬೇರೆ ಬೇರೆ ಕ್ಯಾನ್‌ಗಳಲ್ಲಿ ಇಟ್ಟಿದ್ದಕ್ಕೆ ಉಳಿದದ್ದು ಸಾಕಾಯಿತು. ಆಮೇಲೆ ನಾನು ಪ್ರತಿ ಕ್ಯಾನಿನ ನಡುವೆ ಹಳೆಯ ಗೋಣಿಚೀಲ ಮಡಿಸಿ ಇಡುತ್ತೇನೆ. ದಿನಾ ರಾತ್ರಿ ಎಷ್ಟು ಖರ್ಚಾಯಿತು ಅಂತ ಪುಸ್ತಕದಲ್ಲಿ ಬರೆಯುತ್ತೇನೆ.

ಗಾಳಿಯಂತ್ರದ ಪಕ್ಕ ದನಗಳಿಗೆ ತೊಟ್ಟಿ ಕಂಡರೆ ಅದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಬೇಡಿ. ಕೊಳವೆಬಾವಿ ನೀರು ಬಹಳ ಕಡೆ ಉಪ್ಪು. ತೊಟ್ಟಿಯ ಹತ್ತಿರ ಡೇರೆಯನ್ನೂ ಹಾಕಬೇಡಿ, ದನಗಳು ಹೆದರಿ ಕುಡಿಯಲು ಬರುವುದಿಲ್ಲ.

ಸಿಕ್ಕಿಹಾಕಿಕೊಂಡರೆ ಬಾಯಾರಿಕೆ ತಡೆದುಕೊಂಡು ಕೂರಬಾರದು. ನೀರಡಿಕೆಯಾದಾಗ ಕುಡಿಯಿರಿ. ಉಳಿಸಬೇಕಾದ್ದು ಮೈ ಬೆವರು. ಹಗಲು ನೆರಳಲ್ಲಿ ಕೂತು, ಅಗೆಯುವ ಕೆಲಸವನ್ನು ತಂಪು ಹೊತ್ತಿಗೆ ಇಟ್ಟುಕೊಳ್ಳಿ. ಓಆರ್‌ಎಸ್ ಪೊಟ್ಟಣ ಇರಲಿ. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು.

4. ಊಟ

ಇಲ್ಲಿ ನಮ್ಮವರಿಗೆ ಅನುಕೂಲ ಇದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿಹಿಟ್ಟು, ಗೊಜ್ಜವಲಕ್ಕಿಯ ಪುಡಿ. ಒಣ ಹವೆಯಲ್ಲಿ ಇವು ಕೆಡುವುದಿಲ್ಲ, ಒಲೆಯೂ ಬೇಡ. ಅಕ್ಕಿ ತೊಳೆಯಲು, ಕಾಳು ನೆನೆಸಲು ನೀರು ಹೋಗುತ್ತದೆ. ಅವನ್ನು ಮನೆಗೆ ಬಿಡಿ. ಮೂರು ದಿನದ ತುರ್ತು ಊಟವನ್ನು ಬೇರೆ ಡಬ್ಬಿಗೆ ಹಾಕಿ ಟೇಪು ಸುತ್ತಿ. ಆಸೆಗೆ ತೆಗೆಯಬಾರದು. ಬೆಂಕಿ ಹಾಕುವ ಮುಂಚೆ ಆ ದಿನ ಬೆಂಕಿ ನಿಷೇಧ ಇದೆಯಾ ನೋಡಿ.

ಬೇರೆ ರಾಜ್ಯದಿಂದ ಗಾಡಿಯಲ್ಲಿ ಬರುವವರ ಹಣ್ಣು, ತರಕಾರಿ, ಜೇನುತುಪ್ಪವನ್ನು ಗಡಿಯಲ್ಲೇ ತೆಗೆದಿಡುತ್ತಾರೆ. ಅವನ್ನು ಗಡಿ ದಾಟಿದ ಮೇಲೇ ಕೊಳ್ಳಿ.

5. ಗಾಡಿ, ಡೀಸೆಲ್

ಕಲ್ಗೂರ್ಲಿಯಿಂದ ಲಿಯೊನೋರಾ ಸುಮಾರು 235 ಕಿ.ಮೀ., ಅಲ್ಲಿಂದ ಲೇವರ್ಟನ್ ಇನ್ನೂ 120ರಷ್ಟು. ಬಂಕ್ ಕಂಡಲ್ಲಿ ತುಂಬಿಸಿ. ಮರಳು, ಕೆಸರಿನಲ್ಲಿ ಗಾಡಿ ಒಂದೂವರೆ ಪಟ್ಟು ಕುಡಿಯುತ್ತದೆ ಅಂತಲೇ ಲೆಕ್ಕ ಹಾಕಿ. ಹೋಗಲು, ಬರಲು, ದಾರಿ ತಪ್ಪಿ ಸುತ್ತಲು, ಮೂರಕ್ಕೂ ಬೇಕು. ಡೀಸೆಲ್ ಕ್ಯಾನ್ ಕೂರುವ ಜಾಗದಲ್ಲಿ ಬೇಡ.

ಎರಡು ಸ್ಟೆಪ್ನಿ, ಪಂಕ್ಚರ್ ಸಾಮಾನು, ಗಾಳಿ ಪಂಪು, ಉದ್ದ ಹಿಡಿಯ ಸಲಿಕೆ, ಚಕ್ರದ ಕೆಳಗೆ ಕೊಡುವ ಹಲಗೆ. ಸ್ಪಿನಿಫೆಕ್ಸ್ ಎಂಬ ಮುಳ್ಳುಹುಲ್ಲಿನ ಮೇಲೆ ಓಡಿಸಿದ್ದರೆ ನಿಂತಾಗೆಲ್ಲ ಬಗ್ಗಿ ನೋಡಿ. ಅದು ಬಿಸಿ ಸೈಲೆನ್ಸರ್‌ಗೆ ಅಂಟಿ ಹೊತ್ತಿಕೊಳ್ಳುತ್ತದೆ, ಗಾಡಿಯೇ ಸುಟ್ಟುಹೋಗುತ್ತದೆ.

6. ಕಾಗದ, ಅನುಮತಿ

ಡಿಟೆಕ್ಟರ್ ಹಿಡಿಯಲು ಮೈನರ್ಸ್ ರೈಟ್ ಎಂಬ ಪರವಾನಗಿ ಬೇಕು. ಅದಿದ್ದರೂ ಬೇರೆಯವರ ಗಣಿ ಗುತ್ತಿಗೆ ಜಾಗಕ್ಕೆ ಅವರ ಒಪ್ಪಿಗೆ ಇಲ್ಲದೆ ಹೋಗುವಂತಿಲ್ಲ. ದನ ಸಾಕುವ ದೊಡ್ಡ ಜಮೀನುಗಳಿಗೆ ಇಲ್ಲಿ ಸ್ಟೇಷನ್ ಅನ್ನುತ್ತಾರೆ. ಸ್ಟೇಷನ್‌ನವರಿಗೆ ಮುಂಚೆಯೇ ಫೋನ್ ಮಾಡಿ. ಯಾವ ದಾರಿ ಕೆಸರು, ಯಾವ ಹಳ್ಳ ತುಂಬಿದೆ ಅಂತ ಅವರಷ್ಟು ಸರಿಯಾಗಿ ಯಾವ ಆಪೂ ಹೇಳುವುದಿಲ್ಲ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ ಹೋಗಿ.

7. ಯಾರಿಗಾದರೂ ಹೇಳಿ ಹೋಗಿ

ಊರು ಬಿಟ್ಟರೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. 406 ಮೆಗಾಹರ್ಟ್ಸ್‌ನ ಪಿಎಲ್‌ಬಿ ಎಂಬ ಕೈಗಾತ್ರದ ಉಪಕರಣ ಕೊಂಡು ನಿಮ್ಮ ಹೆಸರಿಗೆ ನೋಂದಾಯಿಸಿ. ನೋಂದಣಿ ಉಚಿತ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ. ಇದನ್ನು ಗಾಡಿಯಲ್ಲಿ ಇಡಬೇಡಿ, ಸೊಂಟಕ್ಕೆ ಕಟ್ಟಿಕೊಳ್ಳಿ. ಹಾವು ಕಚ್ಚುವುದು ಗಾಡಿಯಿಂದ ಒಂದು ಕಿ.ಮೀ. ದೂರದಲ್ಲಿ. ಅದಕ್ಕೇ ಅಗಲದ ಎಲಾಸ್ಟಿಕ್ ಬ್ಯಾಂಡೇಜ್ ಕೂಡ ಸೊಂಟದ ಚೀಲದಲ್ಲೇ ಇರಲಿ. ಕಚ್ಚಿದ ಕೈಕಾಲಿಗೆ ಪೂರ್ತಿ ಬಿಗಿಯಾಗಿ ಸುತ್ತಿ, ಅಲುಗಾಡದೆ ಮಲಗಿ, ಗುಂಡಿ ಒತ್ತಬೇಕು.

ಮನೆಯಲ್ಲಿ ಉಳಿದವರ ಕೈಗೆ ಒಂದು ಹಾಳೆ ಕೊಡಿ. ದಾರಿ, ಡೇರೆಯ ಜಾಗ, ಗಾಡಿ ನಂಬರ್, ವಾಪಸ್ ಬರುವ ದಿನ. ಅದರ ಕೆಳಗೆ, "ಇಂಥ ದಿನ ಸಂಜೆ 6ರೊಳಗೆ ಫೋನ್ ಬರದಿದ್ದರೆ ಪೊಲೀಸರಿಗೆ 131 444ಕ್ಕೆ ತಿಳಿಸಿ" ಅಂತ ಬರೆಯಿರಿ. ಪ್ರಾಣಾಪಾಯ ಅನ್ನಿಸಿದರೆ 000. ನನ್ನ ಅಕ್ಕ ಈ ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸುತ್ತಾಳೆ. ಆ ಏಳು ರಾತ್ರಿಯ ಪ್ರವಾಸದಲ್ಲಿ ಉಪಗ್ರಹ ಫೋನಿನಲ್ಲಿ "ತಡವಾಗುತ್ತದೆ, ನೀರಿದೆ, ಚೆನ್ನಾಗಿದ್ದೇವೆ" ಅಂತ ಹೇಳಿದ ಮೇಲೇ ಅವಳು ಮಲಗಿದ್ದು.

ಗಾಡಿ ಕೆಟ್ಟರೆ, ಹೂತರೆ, ಅದನ್ನು ಬಿಟ್ಟು ನಡೆಯಬೇಡಿ. ಮೇಲಿನಿಂದ ಹುಡುಕುವವರಿಗೆ ಗಾಡಿ ಕಾಣುತ್ತದೆ, ನಡೆಯುವ ಮನುಷ್ಯ ಕಾಣುವುದಿಲ್ಲ. ಬಾನೆಟ್ ಎತ್ತಿಡಿ, ಬಣ್ಣದ ಟಾರ್ಪಾಲಿನ್ ಹರಡಿ, ನೆರಳಲ್ಲಿ ಕೂತಿರಿ.

ಹೊರಡುವ ದಿನ ನೀರು ಉಳಿದಿದೆ ಅಂತ ಭಾರ ಇಳಿಸಲು ಚೆಲ್ಲಬೇಡಿ. ಡಾಂಬರು ರಸ್ತೆ ಮುಟ್ಟುವ ತನಕ ಅದು ಗಾಡಿಯಲ್ಲೇ ಇರಲಿ. ಸಿಗ್ನಲ್ ಬಂದ ಕೂಡಲೇ ಹಾಳೆ ಹಿಡಿದು ಕಾಯುತ್ತಿರುವವರಿಗೆ ಮೊದಲ ಫೋನ್ ಮಾಡಿ.