ಅಜ್ಜಿಯ ನೆನಪಿಗೊಂದು ಲ್ಯಾಟಿನ್ ಕ್ರಿಯಾಪದ

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಮೇಲಿನ ಮಹಡಿಯ ಹುಡುಗನೊಬ್ಬ ಕಳೆದ ಮಳೆಗಾಲದಲ್ಲಿ ಬಂದು, "ಅಂಕಲ್, ‘ರಿಮೆಂಬರ್’ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಏನನ್ನುತ್ತಾರೆ?" ಎಂದು ಕೇಳಿದನು. ತೀರಿಹೋದ ಅಜ್ಜಿಯ ನೆನಪಿಗೆ ಮಣಿಕಟ್ಟಿನ ಮೇಲೆ ಟ್ಯಾಟೂ ಹಾಕಿಸಿಕೊಳ್ಳುವುದು ಅವನ ಆಸೆಯಾಗಿತ್ತು. ಕಾಲೇಜಿನಲ್ಲಿ ಎರಡು ವರ್ಷ ಲ್ಯಾಟಿನ್ ಓದಿದ ನನ್ನನ್ನು ಇಂಥದ್ದನ್ನು ಕೇಳುವವರೇ ಇಲ್ಲವಾದ್ದರಿಂದ ಉತ್ಸಾಹ ತುಸು ಹೆಚ್ಚೇ ಆಯಿತು, ತಪ್ಪಾದದ್ದೂ ಅದರಿಂದಲೇ.

ಮೊಬೈಲು ಅವನಿಗೆ ‘ಮೆಮೆಂಟೊ’ ಎಂದು ತೋರಿಸಿತ್ತು. ಶಬ್ದವೇನೋ ಸರಿಯಾದದ್ದೇ, ಆದರೆ ಅದು ಆಜ್ಞೆ: ‘ನೀನು ನೆನಪಿಡು’. ಇಂಗ್ಲಿಷಿನ ‘ರಿಮೆಂಬರ್’ ಆಜ್ಞೆಗೂ ‘ನಾನು’, ‘ನಾವು’, ‘ಅವರು’ ಎಂಬ ಕರ್ತೃಗಳಿಗೂ ಒಂದೇ ರೂಪದಲ್ಲಿ ನಿಲ್ಲುತ್ತದೆ; ಲ್ಯಾಟಿನ್ನಿನಲ್ಲಿ, ನಮ್ಮ ‘ನೆನೆದೆನು’, ‘ನೆನೆದಳು’ಗಳಲ್ಲಿ ಆಗುವಂತೆ, ಯಾರು ಎಂಬುದು ಕ್ರಿಯಾಪದದ ಕೊನೆಯಲ್ಲೇ ಕಾಣಿಸಬೇಕು. ನೆನೆಯುವವನು ನೀನೋ, ನಿನ್ನ ಕೈ ನೋಡಿದವರೋ ಎಂದು ಕೇಳಿದೆ. ತಾನೇ ಎಂದನು. ವಿಜಯಪುರದ ಕಡೆಯವರಾದ ಅವನ ತಾಯಿಯ ತಕರಾರು ಬೇರೆಯೇ ಇತ್ತು: "ಸಂಘದಾಗ ಶಾಲಿನ ಜೋಡಿ ಕೊಡ್ತಾರಲ್ಲ, ಅದರ ಹೆಸರು ಕೈಮ್ಯಾಲೆ ಬರಸ್ಕೊಂತಿ ಏನು?" ಆ ಮಾತಿನ ನಂತರ ‘ಮೆಮೆಂಟೊ’ ಉಳಿಯುವುದು ಸಾಧ್ಯವೇ ಇರಲಿಲ್ಲ.

‘ನಾನು ನೆನೆಯುತ್ತೇನೆ’ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ‘ಮೆಮಿನಿ’ ಎಂಬ ವಿಚಿತ್ರ ಕ್ರಿಯಾಪದವಿದೆ. ರೂಪ ಭೂತಕಾಲದ್ದು, ಅರ್ಥ ವರ್ತಮಾನದ್ದು. ನಾವು ‘ಗೊತ್ತಾಯಿತು’ ಎಂದಾಗ ಈಗ ಗೊತ್ತಿದೆ ಎಂದೇ ಅರ್ಥವಾಗುವುದಲ್ಲವೇ, ಹಾಗೆ. ಇದರ ಧಾತುವೂ ನಾವು ಸಂಸ್ಕೃತದಿಂದ ಪಡೆದ ‘ಮನಸ್ಸು’ ಎಂಬುದರ ಧಾತುವೂ ಮೂಲದಲ್ಲಿ ಒಂದೇ. ‘ರೆಕೊರ್ದೊರ್’ ಎಂಬ ಇನ್ನೊಂದು ಪದದೊಳಗೆ ಹೃದಯವೆಂಬ ಅರ್ಥದ ‘ಕೊರ್’ ಅಡಗಿದೆಯಾದರೂ, ಅದು ಮರಳಿ ನೆನಪಿಗೆ ತಂದುಕೊಳ್ಳುವುದನ್ನು ಹೇಳುತ್ತದೆ; ಮರೆಯದೇ ಇದ್ದವನಿಗೆ ಅದು ಏಕೆಂದು ಬಿಟ್ಟೆನು. ‘ಮಿಹಿ ಇನ್ ಮೆಂತೆಮ್ ವೆನಿತ್’ ಎಂಬ ಪ್ರಯೋಗವನ್ನು ಬಿಡುವಾಗ ಮಾತ್ರ ಸಂಕಟವಾಯಿತು. ‘ಮಿಹಿ’ ಎಂದರೆ ನನಗೆ, ‘ಇನ್ ಮೆಂತೆಮ್’ ಎಂದರೆ ಮನಸ್ಸಿಗೆ, ‘ವೆನಿತ್’ ಎಂದರೆ ಬರುತ್ತದೆ: ನಮ್ಮ ‘ನನಗೆ ನೆನಪಿಗೆ ಬರುತ್ತದೆ’ ಎಂಬುದರ ಪಡಿಯಚ್ಚು. ಆದರೆ ಹುಡುಗನ ಮಣಿಕಟ್ಟು ಅಷ್ಟು ಅಗಲವಿರಲಿಲ್ಲ.

ಇನ್ನು ಅಜ್ಜಿ. ಕನ್ನಡದ ‘ಅಜ್ಜಿ’ಯಂತೆಯೇ ‘ಅವಿಯಾ’ ಎಂಬುದೂ ತಾಯಿಯ ತಾಯಿಗೂ ತಂದೆಯ ತಾಯಿಗೂ ಸಲ್ಲುತ್ತದೆ. ‘ಮೆಮಿನಿ’ಯೊಡನೆ ಷಷ್ಠೀ ವಿಭಕ್ತಿ ಎಂದು ಬಾಯಿಪಾಠ ಮಾಡಿದ್ದವನಾದ್ದರಿಂದ ‘ಅವಿಯೈ ಮೆಮಿನಿ’ ಎಂದು ಬರೆದುಕೊಟ್ಟು ಕಳಿಸಿದೆನು.

ಮೂರನೆಯ ದಿನ ಲೋಕಲ್ ರೈಲಿನಲ್ಲಿ ನಿಂತಿದ್ದಾಗ ಪ್ರಾಚೀನ ರೋಮಿನ ವಾಗ್ಮಿ ಸಿಸೆರೊ ನೆನಪಾದನು. ಕ್ರಿ.ಪೂ. 43ರ ಭಾಷಣವೊಂದರಲ್ಲಿ ಅವನು ‘ಕಿನ್ನಮ್ ಮೆಮಿನಿ, ವೀದಿ ಸುಲ್ಲಮ್’ ಎನ್ನುತ್ತಾನೆ: ಕಿನ್ನನ ನೆನಪು ನನಗಿದೆ, ಸುಲ್ಲನನ್ನು ಕಂಡಿದ್ದೇನೆ. ಇಬ್ಬರೂ ಅವನ ಎಳವೆಯಲ್ಲಿ ರೋಮಿನ ಅಧಿಕಾರ ಹಿಡಿದಿದ್ದವರು. ಕಿನ್ನ ಸತ್ತದ್ದು ಕ್ರಿ.ಪೂ. 84ರಲ್ಲಿ, ಸಿಸೆರೊ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ. ಇಲ್ಲಿ ‘ಕಿನ್ನಮ್’ ದ್ವಿತೀಯಾ ವಿಭಕ್ತಿ. ಯಾರನ್ನಾದರೂ ಮರೆಯದೆ ಗಮನದಲ್ಲಿಟ್ಟುಕೊಳ್ಳುವುದಕ್ಕೆ ಷಷ್ಠಿಯಾದರೆ, ತಾನು ಸ್ವತಃ ಕಂಡು ಬಲ್ಲ ವ್ಯಕ್ತಿ ಇನ್ನೂ ಕಣ್ಣಿಗೆ ಕಟ್ಟಿದಂತಿದ್ದಾಗ ದ್ವಿತೀಯೆ. ಷಷ್ಠಿ ವ್ಯಾಕರಣದಲ್ಲಿ ತಪ್ಪಲ್ಲ, ಆದರೆ ಎಂದೂ ಕಾಣದ ಪೂರ್ವಜರಿಗೂ ಅದು ಸಲ್ಲುತ್ತದೆ. ಈ ಹುಡುಗನಾದರೋ ಹತ್ತು ವರ್ಷದವನಾಗುವವರೆಗೆ ಆ ಅಜ್ಜಿಯ ಮಗ್ಗುಲಲ್ಲಿ ಕುಳಿತು, ಆಕೆ ಬಡಿದ ಜೋಳದ ರೊಟ್ಟಿಯನ್ನು ಬಿಸಿಬಿಸಿಯಾಗಿ ತಿಂದವನು.

ಠಾಣೆ ರೈಲು ನಿಲ್ದಾಣದಲ್ಲಿ ಇಳಿದವನೇ ಫೋನು ಮಾಡಿದೆನು. ಅವನು ಟ್ಯಾಟೂ ಅಂಗಡಿಯಲ್ಲಿಯೇ ಇದ್ದನು. ಕೈಮೇಲೆ ನೀಲಿ ಅಚ್ಚು ಮೂಡಿತ್ತು, ಸೂಜಿ ಇನ್ನೂ ತಾಗಿರಲಿಲ್ಲ. ರೋಮನ್ ಲಿಪಿಯಲ್ಲಿ ‘ಅವಿಯೈ’ ಎಂಬುದರ ಕೊನೆಯ ‘ಇ’ (e) ಅಕ್ಷರವನ್ನು ತೆಗೆದು ‘ಎಂ’ (m) ಹಾಕಿಸು, ಆಗ ‘ಅವಿಯಮ್’ ಆಗುತ್ತದೆ, ಮಿಕ್ಕಿದ್ದು ಇದ್ದಂತೆಯೇ ಇರಲಿ ಎಂದೆನು. "ಒಂದೇ ಅಕ್ಷರಕ್ಕೆ ಇಷ್ಟು ಗಾಬರಿಯೇ ಅಂಕಲ್?" ಎಂದು ನಕ್ಕನು. ಹಿಂದಿನಿಂದ ಅಂಗಡಿಯವನು ಮರಾಠಿಯಲ್ಲಿ ಗೊಣಗುತ್ತ ಸ್ಪಿರಿಟ್ಟಿನ ಬಾಟಲಿ ಹುಡುಕುವುದು ಕೇಳಿಸುತ್ತಿತ್ತು.